ಪೂಜೆಯ ದಿನ ಕೆಟ್ಟ ಲಿಂಕು

ಮಕ್ಕಳೇ, ಹೋದ ವರ್ಷ ನಮ್ಮ ಮಹಿಳಾ ಸಂಘದ ಆಯುಧಪೂಜೆಗೆ ನೀವಿಬ್ಬರೂ ಬಂದಿದ್ದಿರಿ. ಒಳಗೆ ನಾನು ಕಂಪ್ಯೂಟರಿಗೆ ಕುಂಕುಮ ಇಡುತ್ತಿದ್ದೆ. ಹೊರಗೆ ಮೆಟ್ಟಿಲ ಮೇಲೆ ಮ್ಯಾನೇಜರು ಒಬ್ಬರೇ ಕೂತು ಪುರಿ, ಕಡಲೆ, ಬತಾಸು ಸೇರಿಸಿ ಪೊಟ್ಟಣ ಕಟ್ಟುತ್ತಿದ್ದರು. "ಅಜ್ಜಿ, ಆ ಅಂಕಲ್ ಯಾಕೆ ಒಳಗೆ ಬರಲ್ಲ?" ಎಂದು ನಿಮ್ಮಲ್ಲಿ ಚಿಕ್ಕವಳು ಕೇಳಿದಳು. ಅಷ್ಟು ಜನರ ಮುಂದೆ ಉತ್ತರ ಹೇಳಲು ನನಗೆ ನಾಚಿಕೆಯಾಯಿತು. ಬರೆಯುವಾಗ ನಾಚಿಕೆ ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಪಿರಿಯಾಪಟ್ಟಣದ ನಮ್ಮ ಆಫೀಸು ಎಂದರೆ ಒಂದು ಹಾಲ್, ಪಕ್ಕಕ್ಕೊಂದು ಗೋಡೌನು. ಗಾವಡಗೆರೆ ಕಡೆಯ ಹೆಂಗಸರು ರಾಗಿ ಹುರಿಹಿಟ್ಟು ಮಾಡುತ್ತಾರೆ. ಕೆ.ಆರ್. ನಗರದ ಕಡೆಯವರದು ಅಕ್ಕಿ ಹಪ್ಪಳ, ಸಂಡಿಗೆ. ಕಾಕನಕೋಟೆಯ ಕಾಡಂಚಿನ ಬುಡಕಟ್ಟು ಹಾಡಿಯವರು ಜೇನು, ಸೀಗೆಕಾಯಿ ಕಳಿಸುತ್ತಾರೆ. ಎಲ್ಲವೂ ನಮ್ಮ ಗೋಡೌನಿಗೆ ಬಂದು, ಇಲ್ಲಿಂದ ಮೈಸೂರಿಗೆ ಹೋಗುತ್ತದೆ. ಮೈಸೂರಿನಲ್ಲಿ ಹಾಸ್ಟೆಲುಗಳಿಗೆ ಸಾಮಾನು ಒದಗಿಸುವ ಕಂಪನಿಯೊಂದು ವಾರಕ್ಕೊಮ್ಮೆ ಮೇಲ್ ಕಳಿಸುತ್ತದೆ. ಅದರ ಕೊನೆಯಲ್ಲಿ ನೀಲಿ ಅಕ್ಷರದ ಲಿಂಕು ಇರುತ್ತದೆ. ನಮ್ಮಲ್ಲಿ ಮೇಲ್ ಓದುವ ಪ್ರೋಗ್ರಾಂ ಬೇರೆ, ಲಿಂಕು ಒತ್ತಿದರೆ ಬ್ರೌಸರಿನಲ್ಲಿ ಒಂದು ಪುಟ ತೆರೆಯುತ್ತದೆ. ಅಲ್ಲಿ ಸಂಜೆಯೊಳಗೆ 'ಒಪ್ಪಿಗೆ' ಎಂದು ಒತ್ತಬೇಕು. ತಡವಾದರೆ ಆರ್ಡರು ಬೇರೆಯವರಿಗೆ ಹೋಗುತ್ತದೆ. ಈ ಲಿಂಕು ಒತ್ತುವುದು ನನ್ನ ಕೆಲಸ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ನಾನು ಒತ್ತಿದ ಮೇಲೆಯೇ ಮೂರು ತಾಲ್ಲೂಕಿನಲ್ಲಿ ಒಲೆ ಹತ್ತುತ್ತಿದ್ದದ್ದು.

ನಾನು ಓದಿದ್ದು ಹಾರನಹಳ್ಳಿ ಹೋಬಳಿಯ ಊರಿನ ಶಾಲೆಯಲ್ಲಿ, ಅಷ್ಟೇ. ಕಂಪ್ಯೂಟರ್ ಕಲಿತದ್ದು ನಿಮ್ಮ ತಾತ ಹೋದ ಮೇಲೆ. ಆ ಕುರ್ಚಿ ನನಗೆ ಮನೆಯಷ್ಟೇ ಮುಖ್ಯವಾಗಿತ್ತು ಎಂಬುದನ್ನು ಮಾತ್ರ ನೆನಪಿಟ್ಟುಕೊಂಡು ಮುಂದೆ ಓದಿ.

ನೀವು ಬಂದದ್ದಕ್ಕೆ ಹಿಂದಿನ ವರ್ಷದ ಆಯುಧಪೂಜೆಯ ಬೆಳಿಗ್ಗೆ ನಾನೇ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದೆ. ಆ ವಾರದ ಮೇಲ್ ಬಂದಿತ್ತು. ಲಿಂಕು ಒತ್ತಿದೆ, ಪುಟ ತೆರೆಯಿತು, ಒಪ್ಪಿಗೆ ಕೊಟ್ಟೆ. ಮಾನಿಟರು ಒರೆಸಿದೆ, ಕೀಲಿಮಣೆಯ ಸಂದಿಗಳಿಂದ ಹಳೆಯ ಬ್ರಷ್ಷಿನಲ್ಲಿ ಹಿಟ್ಟು ತೆಗೆದೆ. ಹೂ ಕಟ್ಟಿ ತಂದಿದ್ದೆ. ಅಷ್ಟರಲ್ಲಿ ಮ್ಯಾನೇಜರು ಬಂದರು. ಹೂವಿನ ಪೊಟ್ಟಣ ನನ್ನ ಕೈಯಿಂದ ಈಸಿಕೊಂಡರು.

"ಅಕ್ಕ, ತಪ್ಪು ತಿಳ್ಕೋಬೇಡಿ. ನೀವು ಹೊರಗೆ ಮೆಟ್ಟಿಲ ಮೇಲೆ ಕೂತು ಪುರಿ ಪೊಟ್ಟಣ ಕಟ್ತಾ ಇರಿ. ಪೂಜೆ ಮುಗೀಲಿ, ಆಮೇಲೆ ಒಳಗೆ ಬನ್ನಿ."

"ಹೂವ ನಾನೇ ಏರಿಸ್ಬೇಕು ಅಂತಿದ್ದೆ ಸರ್."

"ಶುಭಕಾರ್ಯ ಅಲ್ವಾ ಅಕ್ಕ. ನಿಮಗೆ ಬಿಡಿಸಿ ಹೇಳ್ಬೇಕಾ?"

ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಹೊರಗೆ ಕೂತು ಪುರಿ ಕಟ್ಟಿದೆ. ಒಳಗೆ ನಗು, ಗಂಟೆ, ಫೋಟೋ ತೆಗೆಯುವ ಸದ್ದು. ಸ್ವಲ್ಪ ಹೊತ್ತಿಗೆ ಆ ಫೋಟೋಗಳು ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದವು. ಒಳಗೆ ನಡೆಯುತ್ತಿದ್ದ ಪೂಜೆಯನ್ನು ನಾನು ಹೊರಗೆ ಕೂತು ಫೋನಿನಲ್ಲಿ ನೋಡಿದೆ. ಯಾವ ಫೋಟೋದಲ್ಲೂ ನಾನಿರಲಿಲ್ಲ.

ಹಬ್ಬದ ರಜೆ ಕಳೆದು ಆಫೀಸು ತೆರೆದ ದಿನ ಕಂಪನಿಯಿಂದ ಹೊಸ ವಾರದ ಮೇಲ್ ಬಂತು. ಲಿಂಕು ಒತ್ತಿದೆ. ಪುಟದ ಬದಲು ಒಂದು ಚಿಕ್ಕ ಚೌಕ ಬಂದು ನಿಂತಿತು. ಇಂಗ್ಲಿಷಿನಲ್ಲಿತ್ತು. ಈ ಕಂಪ್ಯೂಟರಿನ ಮೇಲೆ ಇರುವ ನಿರ್ಬಂಧದಿಂದಾಗಿ ಈ ಕೆಲಸ ರದ್ದಾಗಿದೆ, ನಿಮ್ಮ ಅಡ್ಮಿನಿಸ್ಟ್ರೇಟರನ್ನು ಕೇಳಿ ಎಂದು ಅದರ ಅರ್ಥ. ಮತ್ತೆ ಒತ್ತಿದೆ, ಮತ್ತೆ ಅದೇ ಚೌಕ. ಹಳೆಯ ಮೇಲ್‌ಗಳ ಲಿಂಕು ಒತ್ತಿ ನೋಡಿದೆ. ಅವೂ ತೆರೆಯಲಿಲ್ಲ. ಮ್ಯಾನೇಜರನ್ನು ಕರೆದೆ.

ಅವರು ಚೌಕವನ್ನು ಓದಿ ನನ್ನ ಕಡೆ ತಿರುಗಿದರು.

"ನಿರ್ಬಂಧ ಅಂತಿದೆಯಲ್ಲಕ್ಕ. ಯಾರು ಹಾಕಿದ್ದು?"

"ನನಗೆ ಗೊತ್ತಿಲ್ಲ ಸರ್. ಪೂಜೆ ದಿನ ಬೆಳಿಗ್ಗೆ ಸರಿ ಇತ್ತು."

"ಅಡ್ಮಿನಿಸ್ಟ್ರೇಟರ್ ಅಂದ್ರೆ ಇದನ್ನ ನೋಡ್ಕೊಳ್ಳೋರು ತಾನೆ? ನೋಡ್ಕೊಳ್ಳೋರು ನೀವು. ಏನೋ ಒತ್ತಿ ಲಾಕ್ ಮಾಡ್ಬಿಟ್ಟಿದ್ದೀರಿ." ಆಮೇಲೆ ಗೋಡೌನಿನ ಕಡೆ ನಡೆಯುತ್ತಾ, ನನಗೆ ಕೇಳಿಸುವಷ್ಟೇ ಜೋರಾಗಿ ಅಂದರು: "ಪೂಜೆ ಮಾಡಿಟ್ಟಿದ್ವಿ. ಇವರ ಕೈ ಬಿದ್ದಿದ್ದೇ ತಡ, ಹಿಂಗಾಯ್ತು."

ನನಗೆ ಸಿಟ್ಟು ಬಂದರೆ ಕೂಗಾಡಲು ಬರುವುದಿಲ್ಲ. ರಾಗಿ ಅರಳು ಹುರಿಯುವ ಬಾಣಲೆಯನ್ನು ನೀವು ನೋಡಿದ್ದೀರಿ. ಒಲೆ ಆರಿಸಿ ಎಷ್ಟೋ ಹೊತ್ತಾದ ಮೇಲೂ ಅದರ ಮರಳಿಗೆ ಕೈಯಿಟ್ಟರೆ ಬೊಬ್ಬೆ ಬರುತ್ತದೆ. ನನ್ನ ಸಿಟ್ಟು ಅಂಥದ್ದು. ಆ ಮಾತು ಕೇಳಿದಾಗಲೇ ಇದನ್ನು ತೀರಿಸದೆ ಬಿಡಬಾರದು ಎಂದುಕೊಂಡೆ. ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಅವತ್ತಿನಿಂದ ಮ್ಯಾನೇಜರು ನನ್ನನ್ನು ಕಂಪ್ಯೂಟರಿನಿಂದ ಎಬ್ಬಿಸಿ ಗೋಡೌನಿನಲ್ಲಿ ಚೀಲ ಹೊಲಿಯಲು ಹಾಕಿದರು. ಅವತ್ತಿನ ಆರ್ಡರನ್ನು ತಮ್ಮ ಫೋನಿನಲ್ಲೇ ಒಪ್ಪಿಕೊಂಡು, ಇನ್ನು ಮೇಲೂ ಹಾಗೇ ಮಾಡುತ್ತೇನೆ ಎಂದರು. ತಿಂಗಳ ಕೊನೆಗೆ ಸದಸ್ಯೆಯರ ಸಭೆ ಇತ್ತು. ಅಲ್ಲಿ ನನ್ನ ಜಾಗಕ್ಕೆ ಅವರ ಷಡ್ಡಕನ ಮಗಳನ್ನು ತರುವ ಮಾತೆತ್ತುತ್ತಾರೆ ಎಂದು ಗೋಡೌನಿನ ಹೆಂಗಸರೇ ನನಗೆ ಹೇಳಿದರು.

ಮುಂದಿನ ವಾರದ ಮೇಲ್ ಬಂದ ದಿನ ಮ್ಯಾನೇಜರು ಎಚ್.ಡಿ. ಕೋಟೆಗೆ ಸೀಗೆಕಾಯಿ ತೂಗಿಸಲು ಹೋಗಿದ್ದರು. ಕಾಡಿನ ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಸಂಜೆ ಊರಿಗೆ ಬಂದು ನೋಡಿದಾಗ ಆರ್ಡರು ಬೇರೆಯವರ ಪಾಲಾಗಿತ್ತು. ಎಂದಿನ ಆರ್ಡರು ಬಂದೇ ಬರುತ್ತದೆ ಎಂದು ನಂಬಿ ಗಾವಡಗೆರೆಯವರು ಅಷ್ಟು ಹೊತ್ತಿಗೆ ರಾಗಿ ಅರಳು ಹುರಿದು ಬೀಸಿಬಿಟ್ಟಿದ್ದರು. ಆ ಹಿಟ್ಟು ಬಹಳ ದಿನ ಘಮ ಹಿಡಿದುಕೊಂಡಿರುವುದಿಲ್ಲ. ಚೀಲಗಳನ್ನು ನಾನೇ ಗೋಡೆಗೆ ಒರಗಿಸಿ ಇಟ್ಟೆ.

ಸಂಘದ ಅಧ್ಯಕ್ಷೆ, ಕೆ.ಆರ್. ನಗರದ ಕಡೆಯ ಅಕ್ಕ, ಮಾರನೆಯ ಬೆಳಿಗ್ಗೆಯೇ ಬಂದರು. ನೇರ ಗೋಡೌನಿಗೆ ಬಂದು ನನ್ನ ಕೈಯಿಂದ ಚೀಲ ಹೊಲಿಯುವ ದಬ್ಬಳ ಕಿತ್ತು ಬದಿಗಿಟ್ಟರು.

"ಎದ್ದೇಳವ್ವ. ಅವನ ಫೋನ್ ನೆಚ್ಕೊಂಡ್ರೆ ಈ ಹಿಟ್ಟನ್ನ ನಾವೇ ಕಲಸ್ಕೊಂಡ್ ತಿನ್ಬೇಕಾಯ್ತದೆ. ನೀನೇ ನೋಡು."

"ನಾನು ಮುಟ್ಟಬಾರದಂತೆ ಅಕ್ಕ."

"ಯಾರ್ ಏಳಿದ್ದು? ಅದ್ಯಕ್ಷೆ ನಾನ್ ಏಳ್ತಾ ಇವ್ನಿ, ಮುಟ್ಟು!"

ಕೂತೆ. ಮೊದಲು ಏನು ಕೆಟ್ಟಿಲ್ಲ ಎಂದು ನೋಡಬೇಕು. ಡೆಸ್ಕ್‌ಟಾಪಿನಲ್ಲಿದ್ದ ನೀಲಿ ಗುರುತಿನ ಬ್ರೌಸರನ್ನು ನೇರವಾಗಿ ತೆರೆದೆ. ಪುಟಗಳು ಬಂದವು. ಅಂದರೆ ಇಂಟರ್ನೆಟ್ಟು ಸರಿ ಇದೆ. ಮೇಲ್‌ಗಳೂ ಬರುತ್ತಿವೆ. ಕೆಟ್ಟಿದ್ದು ಎರಡರ ನಡುವಿನ ದಾರಿ ಮಾತ್ರ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಪ್ರಯೋಜನವಾಗಲಿಲ್ಲ. ವೈರಸ್ ಹುಡುಕಿಸಿದೆ, ಸಿಗಲಿಲ್ಲ. ಆಮೇಲೆ ಲಿಂಕಿನ ಮೇಲೆ ಮೌಸಿನ ಬಲಗಡೆ ಒತ್ತಿ, ವಿಳಾಸವನ್ನು ಕಾಪಿ ಮಾಡಿ, ನೀಲಿ ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಅಂಟಿಸಿದೆ. ಒಪ್ಪಿಗೆಯ ಪುಟ ತೆರೆಯಿತು! ಸುತ್ತುದಾರಿ, ಆದರೂ ದಾರಿ. ಇನ್ನು ಮುಂದೆ ಆರ್ಡರು ತಪ್ಪುವುದಿಲ್ಲ ಎಂದು ಅಧ್ಯಕ್ಷೆಗೆ ಹೇಳಿದೆ. ಮೂಲದ ರೋಗ ಹಾಗೇ ಇತ್ತು.

ಹುಣಸೂರಿನಲ್ಲಿ ನಮ್ಮ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಫೋನ್ ಮಾಡಿದೆ.

"ತಗೊಂಡ್ ಬಂದ್ಬುಡಿ ಅಮ್ಮಾವ್ರೆ, ಫಾರ್ಮ್ಯಾಟ್ ಒಡೆದ್ಬುಡ್ತೀನಿ. ಹೊಸಾದ್ ಆಯ್ತದೆ."

"ಬೇಡ ಕಣ್ರೀ. ಸಂಘದ ಕೆಲಸ ಎಲ್ಲಾ ಅದರೊಳಗೇ ಇದೆ. ಅಳಿಸಿಹೋದ್ರೆ?"

"ಅಂಗಾರೆ ಒಂದ್ ಕೇಳ್ತೀನಿ, ನಿಜ ಏಳಿ. ಯಾವ್ದಾರ ಬ್ರೌಸರ್ ಕಿತ್ ಆಕುದ್ರಾ?"

"ನಾನು ಏನೂ ತೆಗೆದಿಲ್ಲ."

"ಲಿಂಕ್ ತೆಗಿಯೋ ಕೆಲ್ಸ ಒಂದ್ ಬ್ರೌಸರ್‌ಗೆ ಒಪ್ಸಿರ್ತದೆ ಅಮ್ಮಾವ್ರೆ. ಅದುನ್ನೇ ಕಿತ್ ಆಕುದ್ರೆ ಮೇಲ್‌ಗೆ ಯಾರನ್ನ ಕರೀಬೇಕು ಅಂತ ಗೊತ್ತಾಗಕಿಲ್ಲ. ಆಗ್ಲೇ ಆ ಚೌಕ ಬರಾದು. ನಿರ್ಬಂಧನೂ ಇಲ್ಲ, ಏನೂ ಇಲ್ಲ. ಅದು ಸುಮ್ನೆ ಅಂಗ್ ಬೊಗಳ್ತದೆ."

ನಾನು ಸೆಟ್ಟಿಂಗ್ಸ್ ತೆರೆದು ಡಿಫಾಲ್ಟ್ ಆ್ಯಪ್ಸ್ ಎಂಬ ಕಡೆ ಹೋದೆ. ವೆಬ್ ಬ್ರೌಸರ್ ಎಂಬುದರ ಎದುರು ಜಾಗ ಖಾಲಿ ಇತ್ತು. ನೀಲಿಯದನ್ನು ಆರಿಸಿ ಮತ್ತೆ ಲಿಂಕು ಒತ್ತಿದೆ. ಅದೇ ಚೌಕ. ಇನ್ನೊಮ್ಮೆ ಫೋನ್ ಮಾಡಿದಾಗ ಅವರು ಹೇಳಿದ್ದು: ಮೇಲ್ಗಡೆ ಹೆಸರು ಬದಲಾಯಿಸಿದರೂ ಒಳಗೆ ಪುಟ ತೆರೆಸುವ ಫೈಲುಗಳೆಲ್ಲ ಇನ್ನೂ ತೆಗೆದುಹಾಕಿದ ಬ್ರೌಸರನ್ನೇ ಹುಡುಕುತ್ತಿವೆ. ಮೊದಲು ಅದನ್ನೇ ತಂದು ಮತ್ತೆ ಹಾಕಿ, ಅದಕ್ಕೇ ಕೆಲಸ ಒಪ್ಪಿಸಿ, ಮೇಲ್ ಮುಚ್ಚಿ ತೆರೆಯಿರಿ. ಆಮೇಲೆ ಬೇಕಾದರೆ ಬೇರೆಯದಕ್ಕೆ ಬದಲಾಯಿಸಿಕೊಳ್ಳಿ.

ಡೆಸ್ಕ್‌ಟಾಪ್ ನೋಡಿದೆ. ಮೊದಲು ಎರಡು ಬ್ರೌಸರುಗಳಿದ್ದವು. ಬಣ್ಣದ ದುಂಡು ಗುರುತಿನದು ಈಗ ಇರಲಿಲ್ಲ. ಲಿಂಕು ಒತ್ತಿದರೆ ಅದು ತಾನಾಗಿ ತೆರೆಯುತ್ತಿತ್ತು, ಹಾಗಾಗಿ ಕಾಣೆಯಾದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ. ಪೂಜೆಯ ಬೆಳಿಗ್ಗೆ ಲಿಂಕು ತೆರೆದದ್ದು ಅದರಲ್ಲೇ. ತೆಗೆದವರು ಯಾರು?

ಊರಿಗೆ ಹೋಗುವ ಬಸ್ಸಿನಲ್ಲಿ ಪೂಜೆಯ ಫೋಟೋಗಳನ್ನು ಮತ್ತೆ ತೆರೆದೆ. ಅಷ್ಟು ದಿನ ಅವನ್ನು ನೋಡಿದಾಗಲೆಲ್ಲ ನಾನಿಲ್ಲದ್ದೇ ಕಾಣುತ್ತಿತ್ತು. ಅವತ್ತು ನಾನು ಮನುಷ್ಯರನ್ನು ನೋಡಲಿಲ್ಲ, ಮಾನಿಟರನ್ನು ನೋಡಿದೆ. ಮೊದಲ ಫೋಟೋದಲ್ಲಿ ಇನ್ನೂ ಹೂ ಏರಿಸಿಲ್ಲ, ಪರದೆ ಬೆಳಗುತ್ತಿದೆ, ಎಡಗಡೆ ದುಂಡು ಗುರುತು ಇದೆ. ನಡುವಿನ ಫೋಟೋದಲ್ಲಿ ಮ್ಯಾನೇಜರು ನನ್ನ ಕುರ್ಚಿಯಲ್ಲಿ ಕೂತು ಮೌಸ್ ಹಿಡಿದಿದ್ದಾರೆ. ಕೊನೆಯದರಲ್ಲಿ ಮಾನಿಟರಿಗೆ ಮೂರು ಬೆರಳ ವಿಭೂತಿ, ನಾನು ಕಟ್ಟಿದ ಸೇವಂತಿಗೆ. ದುಂಡು ಗುರುತು ಇಲ್ಲ. ಆ ಫೋಟೋದ ಕೆಳಗೆ ಅವರೇ ಬರೆದಿದ್ದರು: 'ಹಳೇದೆಲ್ಲಾ ತೆಗೆದು ಕಂಪ್ಯೂಟರ್ ಕ್ಲೀನ್ ಮಾಡಿ ಪೂಜೆ ಮಾಡಿದ್ದೇವೆ.'

ಹಬ್ಬಕ್ಕೆ ಮನೆಯ ಅಟ್ಟದಿಂದ ಒಡಕು ಮಡಕೆ, ಹರಕು ಚಾಪೆ ತೆಗೆದು ಬಿಸಾಡುತ್ತೇವಲ್ಲ, ಅವರು ಕಂಪ್ಯೂಟರಿಗೂ ಹಾಗೇ ಮಾಡಿದ್ದರು. ಎರಡು ಬ್ರೌಸರ್ ಯಾಕೆ ಎಂದು ಒಂದನ್ನು ಬಿಸಾಡಿದ್ದರು. ದಿನಾ ದುಡಿಯುತ್ತಿದ್ದದ್ದು ಯಾವುದು ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳನ್ನು ಹೊರಗೆ ಕೂರಿಸಿದ್ದರು.

ಬಸ್ಸಿನಲ್ಲಿ ನಾನು ಒಬ್ಬಳೇ ನಕ್ಕೆ. ಪಕ್ಕದವರು ತಿರುಗಿ ನೋಡಿದರು.

ಮಾರನೆಯ ದಿನ ನಾನು ಆ ಬ್ರೌಸರನ್ನು ಹಾಕಿ ಎಲ್ಲ ಸರಿಮಾಡಬಹುದಿತ್ತು. ಮಾಡಿದ್ದರೆ ಮ್ಯಾನೇಜರು, "ಸರಿ ಹೋಯ್ತಲ್ಲಕ್ಕ, ಬಿಡಿ ಇನ್ನ" ಎನ್ನುತ್ತಿದ್ದರು. ಬಿಡಲು ನನಗೆ ಮನಸ್ಸಿರಲಿಲ್ಲ. ಸುತ್ತುದಾರಿಯಲ್ಲಿ ಆರ್ಡರುಗಳು ಒಂದೂ ತಪ್ಪದಂತೆ ಹೋಗುತ್ತಿದ್ದವು. ಹೆಂಗಸರ ಕೆಲಸಕ್ಕೆ ತೊಂದರೆ ಇರಲಿಲ್ಲ. ಹಾಗಾಗಿ ಬ್ರೌಸರಿನ ಫೈಲನ್ನು ಇಳಿಸಿ ಇಟ್ಟುಕೊಂಡೆ, ಹಾಕಲಿಲ್ಲ. ಸಭೆಯವರೆಗೂ ಲಿಂಕು ಕೆಟ್ಟೇ ಇರಲಿ ಎಂದು ತೀರ್ಮಾನ ಮಾಡಿದೆ. ಮ್ಯಾನೇಜರು ಬಂದು ಕೇಳುತ್ತಿದ್ದರು, "ಏನಾಯ್ತಕ್ಕ, ನಿಮ್ಮ ನಿರ್ಬಂಧ ಬಿಡ್ತಾ?" ನಾನು ತಲೆ ತಗ್ಗಿಸಿ, "ಇಲ್ಲ ಸರ್" ಎನ್ನುತ್ತಿದ್ದೆ. ಅವರಿಗೆ ಆ ಉತ್ತರ ಇಷ್ಟವಾಗುತ್ತಿತ್ತು. ನನಗೂ ಇಷ್ಟವಾಗುತ್ತಿತ್ತು.

ಸಭೆಯ ದಿನ ಮೂರೂ ಕಡೆಯ ಹೆಂಗಸರು ಹಾಲ್ ತುಂಬ ಚಾಪೆಯ ಮೇಲೆ ಕೂತಿದ್ದರು. ನಾನು ಅಲ್ಲಿಯವರೆಗೆ ಯಾವ ಸಭೆಯಲ್ಲೂ ಬಾಯಿ ತೆರೆದವಳಲ್ಲ. ಹಾಜರಿ ಕೂಗಿದಾಗಲೂ ಕೈ ಎತ್ತುತ್ತಿದ್ದೆ ಅಷ್ಟೆ. ಮ್ಯಾನೇಜರು ಎದ್ದು ನಿಂತು, ತಪ್ಪಿಹೋದ ಆರ್ಡರಿನ ವಿಷಯ ತೆಗೆದರು. "ಯಾರನ್ನೂ ದೂರೋದಿಲ್ಲ. ಅಕ್ಕ ಒಳ್ಳೆಯವರು. ಆದ್ರೆ ಕಂಪ್ಯೂಟರ್ ಅಂದ್ರೆ ಸೂಕ್ಷ್ಮ. ಏನೋ ಒತ್ತಿ ಕೆಡಿಸಿಬಿಟ್ಟಿದ್ದಾರೆ. ಓದಿರೋ ಹುಡುಗಿ ಒಬ್ಬಳಿದ್ದಾಳೆ..."

ನಾನು ಎದ್ದೆ. ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಸರ್, ಒಂದು ಕೇಳ್ಲಾ?"

"ಕೇಳಿ ಅಕ್ಕ."

"ಪೂಜೆ ದಿನ ಬೆಳಿಗ್ಗೆ ನಾನು ಆರ್ಡರ್ ಒಪ್ಕೊಂಡೆ. ಆಗ ಲಿಂಕು ಸರಿ ಇತ್ತು. ಹಬ್ಬ ಕಳೆದು ಬಂದಾಗ ಕೆಟ್ಟಿತ್ತು. ಪೂಜೆ ಹೊತ್ತಲ್ಲಿ ನಾನೆಲ್ಲಿದ್ದೆ ಸರ್?"

"ಹೊರಗಿದ್ರಿ. ಪುರಿ ಕಟ್ತಾ ಇದ್ರಿ."

"ಪುರಿ ಒಳಗೂ ಕಟ್ಟಬಹುದಿತ್ತಲ್ಲ. ನಾನ್ಯಾಕೆ ಹೊರಗಿದ್ದೆ?"

ಅವರು ಕನ್ನಡಕ ತೆಗೆದು ಒರೆಸಿದರು. "ಅದೆಲ್ಲ ಈಗ್ಯಾಕೆ ಅಕ್ಕ."

"ಹೇಳಿ ಸರ್. ನೀವು ನನಗೆ ಹೇಳಿದ ಹಾಗೇ ಹೇಳಿ."

ಅವರು ಕನ್ನಡಕ ಹಾಕಿಕೊಂಡು ಸಭೆಯ ಪುಸ್ತಕದ ಹಾಳೆ ತಿರುವಿದರು. ಆದರೆ ಅಲ್ಲಿದ್ದ ಪ್ರತಿ ಹೆಂಗಸಿಗೂ ಅರ್ಥವಾಯಿತು. ಅವರಲ್ಲಿ ನನ್ನಂಥವರು ಕಡಿಮೆ ಇರಲಿಲ್ಲ. ಗಾವಡಗೆರೆಯಲ್ಲಿ ಬಾಣಲೆಯ ಮುಂದೆ ಕೂರುವ ಹಿರಿಯಾಕೆ ಕೂತಲ್ಲಿಂದಲೇ ಶುರುಮಾಡಿದರು.

"ಏನ್ ಸಾಮಿ, ನಾನ್ ಉರ್ದಿರೋ ಇಟ್ಟು ಮಾರಕ್ ಆಯ್ತದೆ, ನಾನ್ ಪೂಜೆಗ್ ಬರಕ್ ಆಗಕಿಲ್ವಾ? ನನ್ ಗಂಡನೂ ಸತ್ತವ್ನೆ ಕಣ್ರೀ. ನನ್ ಇಟ್ಟನ್ನೂ ಮೆಟ್ಲ ಮ್ಯಾಲೆ ಮಡಗ್ಬುಡಿ ಮತ್ತೆ!"

"ನಮ್ ಜೇನೂ ಈಚೆ ಇಡಿ," ಎಂದಳು ಹಾಡಿಯಿಂದ ಬಂದವಳು. ಅವಳದೂ ಅದೇ ಕಥೆ.

ನಾನು ಅಧ್ಯಕ್ಷೆಯ ಫೋನು ಕೇಳಿ, ಗುಂಪಿನ ಫೋಟೋಗಳನ್ನು ತೆರೆದು ಅವರ ಕೈಗೆ ಕೊಟ್ಟೆ. ದುಂಡು ಗುರುತು ಇರುವುದು, ಕುರ್ಚಿಯಲ್ಲಿ ಕೂತದ್ದು, ಗುರುತು ಇಲ್ಲದ್ದು, ಒಂದೊಂದಾಗಿ ತೋರಿಸಿದೆ. ಕೊನೆಯ ಫೋಟೋದ ಕೆಳಗಿನ ಬರಹವನ್ನು ಅಧ್ಯಕ್ಷೆ ಜೋರಾಗಿ ಓದಿದರು. ಫೋನು ಕೈಯಿಂದ ಕೈಗೆ ಚಾಪೆಗಳ ಮೇಲೆ ಸಾಗಿತು.

"ಎರಡಿದ್ವಲ್ಲ, ಯಾಕೆ ಅಂತ ಒಂದು ತೆಗೆದೆ," ಎಂದರು ಮ್ಯಾನೇಜರು ಮೆಲ್ಲಗೆ. "ಹಬ್ಬಕ್ಕೆ ಮನೇಲೂ ತೆಗೀತೀವಲ್ಲ."

"ಅದುನ್ನ ಅವತ್ತೇ ಏಳಕ್ಕೆ ಏನಾಗಿತ್ತು?" ಎಂದರು ಅಧ್ಯಕ್ಷೆ.

ನಾನು ಕಂಪ್ಯೂಟರಿನ ಮುಂದೆ ಕೂತೆ. ಎಲ್ಲರೂ ಹಿಂದೆ ಬಂದು ನಿಂತರು. ಇಳಿಸಿಟ್ಟ ಫೈಲು ಒತ್ತಿ ಬ್ರೌಸರನ್ನು ಹಾಕಿದೆ. ಡಿಫಾಲ್ಟ್ ಎಂಬ ಕಡೆ ಅದರ ಹೆಸರು ಆರಿಸಿದೆ. ಪುಟ ತೆರೆಸುವ ಫೈಲುಗಳೂ ಅದಕ್ಕೇ ಸೇರಿವೆಯೇ ಎಂದು ಒಂದೊಂದೇ ನೋಡಿದೆ. ಮೇಲ್‌ಗೆ ಹೋಗಿ ಲಿಂಕು ಒತ್ತಿದೆ. ಅದೇ ಚೌಕ.

ಬೆನ್ನ ಹಿಂದೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. ಮೊದಲೇ ಒಮ್ಮೆ ಹಾಕಿ ನೋಡಬೇಕಿತ್ತು. ಸೇಡಿನ ಆಸೆಗೆ ನಾನೇ ಎಲ್ಲರ ಮುಂದೆ ಬಿದ್ದೆನೇ ಎಂದುಕೊಂಡೆ. ಆಗ ಹುಣಸೂರಿನವರ ಕೊನೆಯ ಮಾತು ನೆನಪಾಯಿತು. ಮೇಲ್ ಅನ್ನು ಮುಚ್ಚಿ ಮತ್ತೆ ತೆರೆದಿರಲಿಲ್ಲ. ಮುಚ್ಚಿದೆ. ತೆರೆದೆ. ಲಿಂಕು ಒತ್ತಿದೆ.

ಒಪ್ಪಿಗೆಯ ಪುಟ ತೆರೆಯಿತು.

"ಬಂತು ಕಣ್ರವ್ವಾ!" ಎಂದು ಹಾಡಿಯವಳು ನನ್ನ ಹೆಗಲಿಗೆ ಒಂದು ಗುದ್ದು ಕೊಟ್ಟಳು. ಈಗಲೂ ಆ ಜಾಗ ನೆನಪಿದೆ.

ಷಡ್ಡಕನ ಮಗಳ ಮಾತು ಮತ್ತೆ ಬರಲಿಲ್ಲ. ಮ್ಯಾನೇಜರನ್ನು ಬಿಡಿಸಬೇಕೆಂದು ಒಂದಿಬ್ಬರು ಅಂದರು. ನಾನು ಬೇಡ ಎಂದೆ. ಕರುಣೆಯಿಂದ ಅಂದದ್ದಲ್ಲ. ಬಿಟ್ಟುಹೋದರೆ ಅವರು ಮರೆಯುತ್ತಾರೆ, ಇಲ್ಲೇ ಇದ್ದರೆ ದಿನಾ ನನ್ನ ಮುಖ ನೋಡಬೇಕು. ಆಗ ಗಾವಡಗೆರೆಯ ಹಿರಿಯಾಕೆಯೇ ತೀರ್ಪು ಕೊಟ್ಟರು.

"ಓಗ್ಲಿ ಬುಡಿ. ಬರೋ ವರ್ಸದ್ ಪೂಜೆ ಈ ಅವ್ವನೇ ಮಾಡ್ಲಿ. ಪುರಿ ಪೊಟ್ಟಣ ಮ್ಯಾನೇಜರ್ ಕಟ್ಲಿ. ಗಂಡ್ಸರ್ ಕೈಲಿ ಕಟ್ಟುದ್ರೆ ಪುರಿ ಏನ್ ಮೆತ್ಗಾಗಕಿಲ್ಲ."

ಹಾಲ್ ನಗುವಿನಿಂದ ತುಂಬಿಹೋಯಿತು. ಅಧ್ಯಕ್ಷೆ ಅದನ್ನು ಸಭೆಯ ತೀರ್ಮಾನ ಎಂದು ಬರೆಸಿಬಿಟ್ಟರು. ಬರೆದುಕೊಂಡವರು ಮ್ಯಾನೇಜರೇ. ಸಭೆ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು, "ಫೋಟೋ ವಿಷಯ ಮೊದಲೇ ನನ್ನೊಬ್ಬನಿಗೆ ಹೇಳಬಹುದಿತ್ತಲ್ಲಕ್ಕ" ಎಂದರು. "ಹೇಳಬಹುದಿತ್ತು ಸರ್" ಎಂದೆ.

ನೀವು ದೊಡ್ಡವರಾದ ಮೇಲೆ ಇದನ್ನು ಓದಿ, ಅಜ್ಜಿ ಅಷ್ಟು ಸಣ್ಣದಕ್ಕೆ ಅಷ್ಟು ಮನಸ್ಸಿನಲ್ಲಿಟ್ಟುಕೊಂಡಳೇ ಎಂದು ಅನ್ನಬಹುದು. ಇಟ್ಟುಕೊಂಡಿದ್ದೆ. ಈಗಲೂ ಇಟ್ಟುಕೊಂಡಿದ್ದೇನೆ.

ಹೋದ ವರ್ಷದ ಪೂಜೆಯಲ್ಲಿ ನೀವಿಬ್ಬರೂ ಬತಾಸಿನ ಮೇಲೆ ಕಣ್ಣಿಟ್ಟಿದ್ದಿರಿ, ನಿಮಗೆ ಕೇಳಿಸಿರಲಿಕ್ಕಿಲ್ಲ. ನಾನು ಮಾನಿಟರಿಗೆ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಮಂಗಳಾರತಿ ಹಚ್ಚಿದ್ದೆ. ಮ್ಯಾನೇಜರು ಪೊಟ್ಟಣಗಳ ತಟ್ಟೆ ಹಿಡಿದು ಬಾಗಿಲ ಹತ್ತಿರ ಬಂದು ನಿಂತರು. ಬಿಸಿಲಿಗೆ ಅವರ ಮುಖ ಕೆಂಪಾಗಿತ್ತು.

"ಅಕ್ಕ, ಪೊಟ್ಟಣ ಎಲ್ಲಾ ಆಯ್ತು. ಒಳಗೆ ಬರ್ಲಾ?"

ನಾನು ತಿರುಗಲಿಲ್ಲ. ಆರತಿಯನ್ನು ಬೇಕೆಂತಲೇ ಇನ್ನಷ್ಟು ನಿಧಾನಕ್ಕೆ ಬೆಳಗಿದೆ.

"ಪೂಜೆ ಮುಗೀಲಿ ಸರ್," ಎಂದೆ.